ಹಿಂದಿನವರ ದಾಖಲೆ, ಇಂದಿನವರ ಆರಂಭಿಕ ಶಿಲ್ಕು

2004ರ ಆಗಸ್ಟ್ 20ರಂದು ಅಥೆನ್ಸ್ ಒಲಿಂಪಿಕ್ ಕ್ರೀಡಾಂಗಣದಲ್ಲಿ ಪುರುಷರ 10,000 ಮೀಟರ್ ಓಟ ನಡೆಯುತ್ತಿದ್ದಾಗ, ವ್ಯಾಪಾರಿಯ ಕಣ್ಣಿಗೆ ಸುಲಭವಾಗಿ ಅರ್ಥವಾಗದ ಒಂದು ದೃಶ್ಯ ಕಂಡುಬಂದಿತು. ಮುಂಚೂಣಿಯಲ್ಲಿದ್ದ ಇಥಿಯೋಪಿಯದ ಇಬ್ಬರು ಯುವಕರು, ಕೆನೆನಿಸಾ ಬೆಕೆಲೆ ಮತ್ತು ಸಿಲೆಶಿ ಸಿಹಿನೆ, ಹಿಂದಿರುಗಿ ನೋಡುತ್ತ ತಮ್ಮ ವೇಗವನ್ನು ತಗ್ಗಿಸಿದರು. ಅವರ ದೃಷ್ಟಿ ಅರಸುತ್ತಿದ್ದುದು ತಮ್ಮದೇ ದೇಶದ, 31 ವರ್ಷ ವಯಸ್ಸಿನ ಹೈಲೆ ಗೆಬ್ರೆಸೆಲಾಸಿ ಅವರನ್ನು. 1996ರ ಅಟ್ಲಾಂಟಾ ಹಾಗೂ 2000ದ ಸಿಡ್ನಿ ಒಲಿಂಪಿಕ್‌ಗಳಲ್ಲಿ ಇದೇ ಓಟವನ್ನು ಗೆದ್ದಿದ್ದ ಹೈಲೆ, ಹಿಮ್ಮಡಿಯ ನರದ ನೋವಿನಿಂದ ಬಳಲುತ್ತ ಹಿಂದುಳಿಯತೊಡಗಿದ್ದರು. ಯುವಕರು ಕಾದರು. ಹಿರಿಯರು ಬಂದು ಸೇರಲಾರರೆಂಬುದು ಖಚಿತವಾದ ಮೇಲೆ ಬೆಕೆಲೆ ಹಿಂದಿರುಗಿ ನೋಡಲಿಲ್ಲ. ಕೊನೆಯ ಸುತ್ತನ್ನು ಸುಮಾರು 53 ಸೆಕೆಂಡುಗಳಲ್ಲಿ ಕ್ರಮಿಸಿ 27 ನಿಮಿಷ 5.10 ಸೆಕೆಂಡುಗಳಲ್ಲಿ ಚಿನ್ನ ಗೆದ್ದರು. ಸಿಹಿನೆಗೆ ಬೆಳ್ಳಿ ಬಂದಿತು. ಹೈಲೆ ಐದನೆಯವರಾದರು.

ಇಷ್ಟನ್ನು ಮಾತ್ರ ಓದಿದವರು ಇದನ್ನು ಗುರುಭಕ್ತಿಯ ಪ್ರಸಂಗವೆಂದು ಭಾವಿಸಿ ಮುಂದಿನ ಪುಟಕ್ಕೆ ಹೋಗಬಹುದು. ಆದರೆ ಅದೇ ವರ್ಷದ ದಿನಚರಿಯನ್ನು ಸ್ವಲ್ಪ ಹಿಂದಕ್ಕೆ ತಿರುವಿದರೆ ಬೇರೊಂದು ನಮೂದು ಕಾಣುತ್ತದೆ. ಮೇ 31ರಂದು ಹಾಲೆಂಡಿನ ಹೆಂಗೆಲೊ ನಗರದಲ್ಲಿ ಬೆಕೆಲೆ 5,000 ಮೀಟರ್ ವಿಶ್ವ ದಾಖಲೆಯನ್ನು ಮುರಿದಿದ್ದರು. ಜೂನ್ 8ರಂದು ಚೆಕ್ ಗಣರಾಜ್ಯದ ಆಸ್ಟ್ರಾವಾದಲ್ಲಿ 10,000 ಮೀಟರ್ ದಾಖಲೆಯನ್ನೂ ಮುರಿದಿದ್ದರು. ಎರಡೂ ದಾಖಲೆಗಳ ಮಾಲೀಕರು ಹೈಲೆ ಅವರೇ. ಎಂಟು ದಿನಗಳ ಅಂತರದಲ್ಲಿ ಹಿರಿಯರ ಎರಡೂ ಆಸ್ತಿಗಳನ್ನು ತಮ್ಮ ಹೆಸರಿಗೆ ಮಾಡಿಕೊಂಡ ಯುವಕನೇ, ಎರಡೂವರೆ ತಿಂಗಳ ತರುವಾಯ ಅದೇ ಹಿರಿಯರಿಗಾಗಿ ಒಲಿಂಪಿಕ್ ಅಂತಿಮ ಸ್ಪರ್ಧೆಯಲ್ಲಿ ಕಾದು ನಿಂತದ್ದು. ಈ ಎರಡು ವರ್ತನೆಗಳು ಒಂದೇ ಮನಸ್ಸಿನಿಂದ ಹೊರಟವು. ಆ ಮನಸ್ಸಿನ ಸ್ವರೂಪವೇನು, ತಂದೆಯ ಅಥವಾ ದೊಡ್ಡಪ್ಪನ ಕೈಯಿಂದ ವಹಿವಾಟನ್ನು ವಹಿಸಿಕೊಳ್ಳುವ ಎರಡನೆಯ ಮೂರನೆಯ ತಲೆಮಾರಿನವರಿಗೆ ಅದರಿಂದ ತಿಳಿಯಬಹುದಾದುದೇನು ಎಂಬುದೇ ಪ್ರಸ್ತುತ ಅಧ್ಯಯನದ ವಿಷಯ.

ಕಳೆದುಕೊಂಡದ್ದನ್ನು ಖಾತೆಗೆ ಹಿಂತಿರುಗಿಸಿದ ಬಗೆ

ಹೈಲೆ ಹುಟ್ಟಿದ್ದು 1973ರಲ್ಲಿ, ಇಥಿಯೋಪಿಯದ ಅರ್ಸಿ ಪ್ರಾಂತದ ರೈತ ಕುಟುಂಬವೊಂದರಲ್ಲಿ. ಶಾಲೆಗೆ ಹತ್ತು ಕಿಲೋಮೀಟರ್ ಓಡಿಹೋಗಿ ಓಡಿಬರುತ್ತಿದ್ದುದರಿಂದ, ಪುಸ್ತಕ ಹಿಡಿದ ಎಡಗೈ ಮಡಿಚಿದ ಭಂಗಿ ಅವರ ಓಟದಲ್ಲಿ ಕೊನೆಯವರೆಗೂ ಉಳಿಯಿತೆಂಬುದು ಪ್ರಸಿದ್ಧವಾದ ಸಂಗತಿ. 1980ರ ಮಾಸ್ಕೋ ಒಲಿಂಪಿಕ್‌ನಲ್ಲಿ ತಮ್ಮ ದೇಶದ ಮಿರುಟ್ಸ್ ಯಿಫ್ಟರ್ 5,000 ಮತ್ತು 10,000 ಮೀಟರ್ ಓಟಗಳೆರಡನ್ನೂ ಗೆದ್ದ ವಾರ್ತೆಯನ್ನು ರೇಡಿಯೋದಲ್ಲಿ ಕೇಳಿದಾಗ ಅವರಿಗೆ ಏಳು ವರ್ಷ. ಹಿಂದಿನ ಚಾಂಪಿಯನ್ ಒಬ್ಬರು ಮುಂದಿನವರ ಮನಸ್ಸಿಗೆ ಪ್ರವೇಶಿಸುವುದು ಬಹುಮಟ್ಟಿಗೆ ಹೀಗೆಯೇ: ಉಪದೇಶದ ಮೂಲಕವಲ್ಲ, ಇಂತಹುದು ಸಾಧ್ಯವೆಂಬ ಒಂದು ವಾರ್ತೆಯ ಮೂಲಕ.

ಹೈಲೆ ಅವರ ಸ್ಪರ್ಧಾ ಮನೋಭಾವದ ನಿಜವಾದ ಪರೀಕ್ಷೆ ನಡೆದದ್ದು ಗೆಲುವಿನ ದಿನಗಳಲ್ಲಲ್ಲ, 1997ರ ಆಗಸ್ಟ್ 22ರಂದು. ಆ ಸಂಜೆ ಬ್ರಸೆಲ್ಸ್ ನಗರದಲ್ಲಿ ಕೀನ್ಯಾದ ಡೇನಿಯಲ್ ಕೋಮೆನ್ 5,000 ಮೀಟರ್ ದಾಖಲೆಯನ್ನೂ, ಕೀನ್ಯಾದವರೇ ಆದ ಪಾಲ್ ಟೆರ್ಗಾಟ್ 10,000 ಮೀಟರ್ ದಾಖಲೆಯನ್ನೂ ಮುರಿದರು. ಒಂದೇ ಸಂಜೆ ಹೈಲೆ ತಮ್ಮ ಎರಡು ವಿಶ್ವ ದಾಖಲೆಗಳನ್ನು ಕಳೆದುಕೊಂಡರು. ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ, ಎರಡು ಮುಖ್ಯ ಮಾರುಕಟ್ಟೆಗಳು ಒಂದೇ ದಿನ ಎದುರಾಳಿಗಳ ಪಾಲಾದವು. ಮುಂದಿನ ವರ್ಷ ಜೂನ್ 1ರಂದು ಹೆಂಗೆಲೊದಲ್ಲಿ 26 ನಿಮಿಷ 22.75 ಸೆಕೆಂಡುಗಳ ಓಟದಿಂದ ದೊಡ್ಡ ದಾಖಲೆಯನ್ನೂ, ಜೂನ್ 13ರಂದು ಹೆಲ್ಸಿಂಕಿಯಲ್ಲಿ 12 ನಿಮಿಷ 39.36 ಸೆಕೆಂಡುಗಳ ಓಟದಿಂದ ಸಣ್ಣದನ್ನೂ ಅವರು ಹಿಂಪಡೆದರು. ಕೋಮೆನ್ ಅವರ 12 ನಿಮಿಷ 39.74ಕ್ಕೂ ಇದಕ್ಕೂ ಇದ್ದ ವ್ಯತ್ಯಾಸ ಸೆಕೆಂಡಿನ ನೂರನೆಯ ಮೂವತ್ತೆಂಟು ಭಾಗ ಮಾತ್ರ. ಲೆಕ್ಕದ ಪುಸ್ತಕದಲ್ಲಿ ಅಷ್ಟು ಸಾಕು.

ಟೆರ್ಗಾಟ್ ಮತ್ತು ಹೈಲೆ ಅವರ ನಡುವಣ ಪೈಪೋಟಿಯಲ್ಲಿ ಇನ್ನೊಂದು ಅಂಕಿಯನ್ನು ಬಿಡುವಂತಿಲ್ಲ. ಸಿಡ್ನಿಯಲ್ಲಿ 25 ಸುತ್ತುಗಳ ಓಟ ಮುಗಿದಾಗ ಇಬ್ಬರ ನಡುವೆ ಇದ್ದ ಅಂತರ 0.09 ಸೆಕೆಂಡು. ಅದೇ ಒಲಿಂಪಿಕ್‌ನಲ್ಲಿ ಪುರುಷರ 100 ಮೀಟರ್ ಓಟದ ಮೊದಲ ಇಬ್ಬರ ನಡುವೆ ಇದ್ದ ಅಂತರ ಅದಕ್ಕಿಂತ ಹೆಚ್ಚು, 0.12 ಸೆಕೆಂಡು! ಹೀಗೆ ಕೂದಲೆಳೆಯಲ್ಲಿ ಸೋತವರು ಗೆದ್ದವರ ಬಗ್ಗೆ ಕಹಿ ಬೆಳೆಸಿಕೊಳ್ಳುವುದು ಸಹಜ. ಆದರೆ ಈ ಇಬ್ಬರ ಸ್ನೇಹ ಕೆಡಲಿಲ್ಲ. ಟೆರ್ಗಾಟ್ ಮ್ಯಾರಥಾನಿಗೆ ಹೊರಳಿ, 2003ರಲ್ಲಿ ಬರ್ಲಿನ್‌ನಲ್ಲಿ 2 ಗಂಟೆ 4 ನಿಮಿಷ 55 ಸೆಕೆಂಡುಗಳ ವಿಶ್ವ ದಾಖಲೆ ಸ್ಥಾಪಿಸಿದರು. ನಾಲ್ಕು ವರ್ಷಗಳ ನಂತರ ಅದೇ ಬರ್ಲಿನ್‌ನಲ್ಲಿ ಅದನ್ನು 29 ಸೆಕೆಂಡುಗಳಷ್ಟು ತಗ್ಗಿಸಿದವರು ಮತ್ತೆ ಹೈಲೆ.

ಅಂಕಿಗಳ ಹೋಲಿಕೆಯಲ್ಲಿ ಒಂದು ಎಚ್ಚರಿಕೆ

ಹಿಂದಿನ ಚಾಂಪಿಯನ್ನರನ್ನು ಅಳೆಯುವಾಗ ಜನಸಾಮಾನ್ಯರು ಮಾಡುವ ತಪ್ಪು, 1981ರ ರೂಪಾಯಿಯನ್ನೂ ಇಂದಿನ ರೂಪಾಯಿಯನ್ನೂ ಒಂದೇ ತಕ್ಕಡಿಯಲ್ಲಿಡುವ ತಪ್ಪೇ ಆಗಿದೆ. ಬಂಡವಾಳ ಲಾಭದ ಲೆಕ್ಕದಲ್ಲಿ ವೆಚ್ಚ ಹಣದುಬ್ಬರ ಸೂಚ್ಯಂಕವನ್ನು ಬಳಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. 10,000 ಮೀಟರ್ ಓಟದ ದಾಖಲೆಗಳನ್ನು ಸುತ್ತೊಂದಕ್ಕೆ ತಗುಲಿದ ಸರಾಸರಿ ಸಮಯಕ್ಕೆ ಇಳಿಸಿ ನೋಡಿದರೆ ಚಿತ್ರ ಹೀಗಿದೆ. 1924ರಲ್ಲಿ ಫಿನ್ಲೆಂಡಿನ ಪಾವೊ ನುರ್ಮಿ ಸುತ್ತಿಗೆ 72.2 ಸೆಕೆಂಡು ತೆಗೆದುಕೊಂಡರು. 1954ರಲ್ಲಿ ಚೆಕೊಸ್ಲೊವಾಕಿಯದ ಎಮಿಲ್ ಜಾಟೊಪೆಕ್ 69.4, 1965ರಲ್ಲಿ ಆಸ್ಟ್ರೇಲಿಯದ ರಾನ್ ಕ್ಲಾರ್ಕ್ 66.4, 1998ರಲ್ಲಿ ಹೈಲೆ 63.3, 2005ರಲ್ಲಿ ಬೆಕೆಲೆ 63.1, 2020ರಲ್ಲಿ ಉಗಾಂಡದ ಜೋಶುವಾ ಚೆಪ್ಟೆಗೈ 62.8.

ಮೊದಲ ನಾಲ್ವರ ನಡುವೆ ಪ್ರತಿ ಹಂತದಲ್ಲೂ ಸುಮಾರು ಮೂರು ಸೆಕೆಂಡುಗಳ ಇಳಿಕೆಯಿದೆ. ಆದರೆ ಹೈಲೆಯಿಂದ ಚೆಪ್ಟೆಗೈವರೆಗಿನ 22 ವರ್ಷಗಳಲ್ಲಿ ಉಳಿದದ್ದು ಅರ್ಧ ಸೆಕೆಂಡು ಮಾತ್ರ. ಇಳಿಮುಖ ಪ್ರತಿಫಲದ ನಿಯಮಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ವಾಣಿಜ್ಯ ತರಗತಿಯಲ್ಲಿಯೂ ಸಿಗಲಾರದು. ಇದಲ್ಲದೆ ಕ್ಷೇತ್ರವೇ ಬದಲಾಗಿದೆ. ನುರ್ಮಿ, ಜಾಟೊಪೆಕ್ ಮತ್ತು ಕ್ಲಾರ್ಕ್ ದಾಖಲೆ ಮಾಡಿದ್ದು ಕೃತಕ ಹಾಸಿನ ಮೇಲಲ್ಲ. ಅಂತಹ ಹಾಸು ಒಲಿಂಪಿಕ್ ಕ್ರೀಡಾಂಗಣಕ್ಕೆ ಬಂದದ್ದು 1968ರಲ್ಲಿ, ಮೆಕ್ಸಿಕೋದಲ್ಲಿ. ಚೆಪ್ಟೆಗೈ ವೆಲೆನ್ಸಿಯಾದಲ್ಲಿ ಓಡಿದಾಗ ಪಥದ ಒಳ ಅಂಚಿನಲ್ಲಿ ನಿಗದಿತ ವೇಗವನ್ನು ತೋರಿಸುವ ದೀಪಗಳು ಓಡುತ್ತಿದ್ದವು. ಹೊಸ ಬಗೆಯ ಬೂಟುಗಳೂ ಬಂದಿದ್ದವು. ಹಾಗೆಂದು ಚೆಪ್ಟೆಗೈ ಅವರ ಸಾಧನೆಯನ್ನು ಕಡಿಮೆ ಮಾಡುವಂತಿಲ್ಲ. ಹೊಸ ಯಂತ್ರ ತಂದ ಮಗ ಹಳೆಯ ಮಗ್ಗದಲ್ಲಿ ನೇಯ್ದ ತಂದೆಗಿಂತ ಹೆಚ್ಚು ಗಜ ಬಟ್ಟೆ ಇಳಿಸಿದರೆ ಅದು ಹೆಚ್ಚೇ ಸರಿ. ಆದರೆ ಯಾರು ದೊಡ್ಡವರೆಂಬ ಪ್ರಶ್ನೆಗೆ ಗಜದ ಲೆಕ್ಕ ಉತ್ತರ ಕೊಡುವುದಿಲ್ಲ.

ಮೇಲ್ದರ್ಜೆಯ ಓಟಗಾರರು ಈ ವಿಷಯದಲ್ಲಿ ಆಶ್ಚರ್ಯಕರವಾಗಿ ನಿಖರರು. ಅವರು ಹಿಂದಿನವರ ಸಮಯಕ್ಕೆ ನಮಸ್ಕರಿಸುವುದೂ ಇಲ್ಲ, ಅದನ್ನು ತಾತ್ಸಾರ ಮಾಡುವುದೂ ಇಲ್ಲ. ಹಿಂದಿನ ವರ್ಷದ ಅಂತಿಮ ಶಿಲ್ಕನ್ನು ಈ ವರ್ಷದ ಆರಂಭಿಕ ಶಿಲ್ಕಾಗಿ ಬರೆದುಕೊಳ್ಳುವ ಗುಮಾಸ್ತನಂತೆ ಅದನ್ನು ಮೊದಲ ಸಾಲಿನಲ್ಲಿ ಬರೆದುಕೊಂಡು ಕೆಲಸ ಪ್ರಾರಂಭಿಸುತ್ತಾರೆ. ಆ ಮೊತ್ತವನ್ನು ತಿದ್ದುವ ಅಧಿಕಾರ ಯಾರಿಗೂ ಇಲ್ಲ. ಅದಕ್ಕೆ ಸೇರಿಸುವ ಅವಕಾಶ ಎಲ್ಲರಿಗೂ ಇದೆ.

ಗಡಿಯಾರ ಹಿಡಿದು ಓಡಿದ ಕಟ್ಟಡ ಗುತ್ತಿಗೆದಾರ

ನುರ್ಮಿ ಅವರ ವೃತ್ತಾಂತ ವಣಿಕ ಸಮುದಾಯಕ್ಕೆ ವಿಶೇಷವಾಗಿ ರುಚಿಸತಕ್ಕದ್ದು. 1912ರ ಸ್ಟಾಕ್‌ಹೋಮ್ ಒಲಿಂಪಿಕ್‌ನಲ್ಲಿ ಫಿನ್ಲೆಂಡಿನ ಹಾನೆಸ್ ಕೊಲೆಮೈನೆನ್ ಮೂರು ಚಿನ್ನ ಗೆದ್ದಾಗ ನುರ್ಮಿಗೆ 15 ವರ್ಷ. ಕೊಲೆಮೈನೆನ್ ಅವರು ಅಲ್ಲಿ ಸ್ಥಾಪಿಸಿದ 5,000 ಮೀಟರ್ ದಾಖಲೆ 14 ನಿಮಿಷ 36.6 ಸೆಕೆಂಡು. ಅದು ಹತ್ತು ವರ್ಷ ನಿಂತಿತು. 1922ರಲ್ಲಿ ನುರ್ಮಿ ಅದನ್ನು ಮುರಿದದ್ದು 1.2 ಸೆಕೆಂಡುಗಳಿಂದ. ಎರಡು ವರ್ಷಗಳ ಬಳಿಕ ಇನ್ನೂ 7.2 ಸೆಕೆಂಡುಗಳನ್ನು ಕಡಿತಗೊಳಿಸಿದರು. ಕೈಯಲ್ಲಿ ಗಡಿಯಾರ ಹಿಡಿದು ಓಡುತ್ತಿದ್ದುದರಿಂದ, ಪಕ್ಕದ ಓಟಗಾರನನ್ನಲ್ಲದೆ ಕಾಲವನ್ನೇ ಎದುರಾಳಿಯಾಗಿ ಮಾಡಿಕೊಂಡವರೆಂಬ ಹೆಸರು ಅವರಿಗೆ ಬಂದಿತು. ಒಟ್ಟು 9 ಒಲಿಂಪಿಕ್ ಚಿನ್ನ ಹಾಗೂ 3 ಬೆಳ್ಳಿ ಅವರ ಪಾಲಾದವು.

1932ರ ಲಾಸ್ ಏಂಜಲಿಸ್ ಒಲಿಂಪಿಕ್‌ಗೆ ಮುನ್ನ ಅಂತರರಾಷ್ಟ್ರೀಯ ಅಥ್ಲೆಟಿಕ್ ಒಕ್ಕೂಟವು ಅವರನ್ನು ಹವ್ಯಾಸಿ ಓಟಗಾರರಲ್ಲವೆಂದು ಹೊರಗಿಟ್ಟಿತು. ಆಪಾದನೆಯೆಂದರೆ ಪ್ರಯಾಣ ವೆಚ್ಚದ ಹೆಸರಿನಲ್ಲಿ ನಿಯಮ ಮೀರಿ ಹಣ ಪಡೆದರೆಂಬುದು. ವೋಚರಿನ ವಿವಾದವೊಂದು ಜಗತ್ತಿನ ಅತಿ ದೊಡ್ಡ ಓಟಗಾರನ ಕೊನೆಯ ಸ್ಪರ್ಧೆಯನ್ನು ಕಸಿದುಕೊಂಡಿತೆಂಬುದನ್ನು ವಾಚಕರು ಗಮನಿಸಬಹುದು. ತರುವಾಯ ಅವರು ಹೆಲ್ಸಿಂಕಿಯಲ್ಲಿ ಪುರುಷರ ಉಡುಪಿನ ಅಂಗಡಿ ತೆರೆದರು. ವಸತಿ ಕಟ್ಟಡಗಳ ನಿರ್ಮಾಣದಲ್ಲಿ ತೊಡಗಿ ಶ್ರೀಮಂತರಾದರು.

1952ರಲ್ಲಿ ಹೆಲ್ಸಿಂಕಿಯಲ್ಲಿಯೇ ಒಲಿಂಪಿಕ್ ನಡೆದಾಗ ಜ್ಯೋತಿಯನ್ನು ಹಿಡಿದು ಕ್ರೀಡಾಂಗಣವನ್ನು ಪ್ರವೇಶಿಸಿದವರು 55 ವರ್ಷದ ನುರ್ಮಿ. ಕೆಳಗಿನ ಕುಂಡವನ್ನು ಅವರು ಹೊತ್ತಿಸಿದ ಬಳಿಕ, ಗೋಪುರದ ತುದಿಯ ಜ್ಯೋತಿಯನ್ನು ಬೆಳಗಿಸುವ ಗೌರವ ಸಂದದ್ದು ಅವರ ಹಿರಿಯರಾದ ಕೊಲೆಮೈನೆನ್ ಅವರಿಗೆ. ಮೂವತ್ತು ವರ್ಷಗಳ ಹಿಂದೆ ದಾಖಲೆ ಕಳೆದುಕೊಂಡವರ ಸ್ಥಾನ, ಕಸಿದುಕೊಂಡವರಿಗಿಂತ ಮೇಲೆ. ಲೆಕ್ಕಪತ್ರದ ಕ್ರಮವನ್ನು ಬಲ್ಲ ದೇಶವಿರಬೇಕು.

ಕ್ಲಾರ್ಕ್ ಅವರ ಅಢಾವೆ ಪತ್ರಿಕೆ

ಅದೇ ಹೆಲ್ಸಿಂಕಿಯಲ್ಲಿ ಜಾಟೊಪೆಕ್ ಎಂಟು ದಿನಗಳಲ್ಲಿ 10,000 ಮೀಟರ್, 5,000 ಮೀಟರ್ ಮತ್ತು ಮ್ಯಾರಥಾನ್ ಮೂರನ್ನೂ ಗೆದ್ದರು. ಮ್ಯಾರಥಾನನ್ನು ಅವರು ಓಡಿದ್ದು ಅದೇ ಮೊದಲ ಸಲ. ಹೊಸ ವ್ಯಾಪಾರಕ್ಕೆ ಕೈಹಾಕಿದ ಅವರು ಮಾಡಿದ ಕೆಲಸ ಸರಳವಾದುದು. ಆ ಕ್ಷೇತ್ರದಲ್ಲಿ ಅಂದು ಅತ್ಯುತ್ತಮ ಸಮಯ ಹೊಂದಿದ್ದ ಇಂಗ್ಲೆಂಡಿನ ಜಿಮ್ ಪೀಟರ್ಸ್ ಅವರನ್ನು ಗುರುತಿಸಿ, ತಿಳಿಯುವಷ್ಟನ್ನು ತಿಳಿಯುವವರೆಗೆ ಅವರ ಸಮೀಪದಲ್ಲಿ ಓಡಿದರು. ಅನಂತರ ಮುಂದೆ ಹೋದರು.

ಜಾಟೊಪೆಕ್ ಅವರ ಹಿಂದೆಯೇ ಓಡಿ ಹೈರಾಣಾದವರು ಫ್ರಾನ್ಸಿನ ಅಲೆನ್ ಮಿಮೂನ್. 1948ರ 10,000 ಮೀಟರ್, 1952ರ 5,000 ಮತ್ತು 10,000 ಮೀಟರ್: ಮೂರು ಒಲಿಂಪಿಕ್ ಓಟಗಳಲ್ಲಿ ಜಾಟೊಪೆಕ್ ಚಿನ್ನ, ಮಿಮೂನ್ ಬೆಳ್ಳಿ. 1956ರ ಮೆಲ್ಬರ್ನ್ ಮ್ಯಾರಥಾನನ್ನು ಮಿಮೂನ್ ಗೆದ್ದಾಗ ಅವರ ವಯಸ್ಸು 35. ಗೆದ್ದ ತಕ್ಷಣ ಅವರು ಸಂಭ್ರಮಿಸಲಿಲ್ಲ. ಅಂತಿಮ ಗೆರೆಯ ಬಳಿ ನಿಂತು ಕಾದರು. ಕೆಲ ವಾರಗಳ ಹಿಂದಷ್ಟೇ ಹರ್ನಿಯಾ ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದ ಜಾಟೊಪೆಕ್ ನಾಲ್ಕು ನಿಮಿಷಕ್ಕೂ ಹೆಚ್ಚು ತಡವಾಗಿ ಆರನೆಯವರಾಗಿ ಬಂದರು. ತಾವು ಗೆದ್ದೆವೆಂದು ಮಿಮೂನ್ ತಿಳಿಸಿದಾಗ ಜಾಟೊಪೆಕ್ ಸೈನಿಕನಂತೆ ನೆಟ್ಟಗೆ ನಿಂತು ವಂದಿಸಿ, ಅವರನ್ನು ಅಪ್ಪಿಕೊಂಡರು. ಎಂಟು ವರ್ಷಗಳ ಬಾಕಿ ಅಂದು ತೀರಿತು. ಸೋತವರು ಬಂದು ಸಹಿ ಹಾಕುವವರೆಗೆ ಗೆದ್ದವರಿಗೆ ಗೆಲುವು ಜಮೆಯಾಗಿರಲಿಲ್ಲ.

ರಾನ್ ಕ್ಲಾರ್ಕ್ ಅವರದು ಕಠಿಣವಾದ ಪ್ರಕರಣ. ವೃತ್ತಿಯಿಂದ ಅವರು ಲೆಕ್ಕಿಗರು. ಆಗ ಕಿರಿಯ ಓಟಗಾರರಾಗಿದ್ದ ಅವರೇ ಮೆಲ್ಬರ್ನ್ ಒಲಿಂಪಿಕ್ ಜ್ಯೋತಿಯನ್ನು ಬೆಳಗಿಸಿದ್ದು. 1965ರಲ್ಲಿ ಆಸ್ಲೊ ನಗರದಲ್ಲಿ 10,000 ಮೀಟರನ್ನು 27 ನಿಮಿಷ 39.4 ಸೆಕೆಂಡುಗಳಲ್ಲಿ ಓಡಿ, 28 ನಿಮಿಷದ ಗಡಿ ದಾಟಿದ ಮೊದಲಿಗರಾದರು. ತಮ್ಮದೇ ಹಿಂದಿನ ದಾಖಲೆಯಿಂದ ಅರ್ಧ ನಿಮಿಷಕ್ಕೂ ಹೆಚ್ಚನ್ನು ಒಂದೇ ಸಂಜೆ ಕಳೆದರು. ಆದರೆ ಒಲಿಂಪಿಕ್ ಚಿನ್ನ ಅವರಿಗೆ ದಕ್ಕಲೇ ಇಲ್ಲ. 1964ರ ಟೋಕಿಯೋದಲ್ಲಿ 10,000 ಮೀಟರ್ ಓಟವನ್ನು ಮುನ್ನಡೆಸಿ, ಅಮೆರಿಕದ ಬಿಲ್ಲಿ ಮಿಲ್ಸ್ ಮತ್ತು ಟ್ಯುನೀಷಿಯದ ಮೊಹಮ್ಮದ್ ಗಮ್ಮೂದಿ ಅವರ ಹಿಂದೆ ಮೂರನೆಯವರಾದರು. 1968ರಲ್ಲಿ ಮೆಕ್ಸಿಕೋದ ಎತ್ತರದ ತೆಳು ಗಾಳಿಯಲ್ಲಿ ಆರನೆಯವರಾಗಿ ಗುರಿ ಮುಟ್ಟಿ ಪ್ರಜ್ಞೆತಪ್ಪಿ ಬಿದ್ದರು.

ವರ್ಷವಿಡೀ ದಾಖಲೆ ಮಾರಾಟ ಮಾಡಿ, ಲೆಕ್ಕ ಮುಕ್ತಾಯದ ದಿನ ಕೈಯಲ್ಲಿ ನಗದಿಲ್ಲದ ಸಂಸ್ಥೆಯಂತಹ ಸ್ಥಿತಿ ಇದು. ಕ್ಲಾರ್ಕ್ ಸೋತವರೆಂದು ಪತ್ರಿಕೆಗಳು ಬರೆದವು. ಅವರನ್ನು ಬೇರೆ ರೀತಿ ಮೌಲ್ಯಮಾಪನ ಮಾಡಿದವರು ಜಾಟೊಪೆಕ್. 1966ರಲ್ಲಿ ಕ್ಲಾರ್ಕ್ ಪ್ರಾಗ್ ನಗರಕ್ಕೆ ಹೋಗಿದ್ದಾಗ, ವಿಮಾನ ನಿಲ್ದಾಣದಲ್ಲಿ ಬೀಳ್ಕೊಡುವಾಗ ಜಾಟೊಪೆಕ್ ಒಂದು ಸಣ್ಣ ಪೊಟ್ಟಣವನ್ನು ಅವರ ಕೈಗಿತ್ತರು. ವಿಮಾನ ಹೊರಟ ಮೇಲೆ ಕ್ಲಾರ್ಕ್ ಅದನ್ನು ಬಿಚ್ಚಿದರೆ, ಒಳಗಿದ್ದುದು 1952ರ 10,000 ಮೀಟರ್ ಓಟದ ಚಿನ್ನದ ಪದಕ. ಸ್ವತಃ ಲೆಕ್ಕಿಗರಾದ ಕ್ಲಾರ್ಕ್ ಇದನ್ನು ಯಾವ ಶೀರ್ಷಿಕೆಯಡಿ ನಮೂದಿಸಬೇಕಿತ್ತು? ದಾನವೆನ್ನುವಂತಿಲ್ಲ, ಕೊಟ್ಟವರು ಕನಿಕರದಿಂದ ಕೊಡಲಿಲ್ಲ. ಹಿಂದಿನ ಚಾಂಪಿಯನ್ ತಾನೇ ಲೆಕ್ಕಪರಿಶೋಧಕನಾಗಿ ಕುಳಿತು, ಪುಸ್ತಕದಲ್ಲಿ ಬಿಟ್ಟುಹೋಗಿದ್ದ ನಮೂದೊಂದನ್ನು ಸರಿಪಡಿಸಿದ್ದು ಎನ್ನುವುದೇ ಸರಿಯಾದೀತು.

ಜಾಗ ಬಿಡುವ ಹಿರಿಯರು

ಇಷ್ಟು ಹೇಳಿದ ಮೇಲೆ, ಹಿರಿಯರ ಪಾತ್ರದ ಕಡೆಗೂ ತಿರುಗಬೇಕು. 2003ರ ಆಗಸ್ಟಿನಲ್ಲಿ ಪ್ಯಾರಿಸ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನ 10,000 ಮೀಟರ್ ಓಟದಲ್ಲಿ ಬೆಕೆಲೆ 26 ನಿಮಿಷ 49.57 ಸೆಕೆಂಡುಗಳಲ್ಲಿ ಗೆದ್ದರು. ಹೈಲೆ ಸುಮಾರು ಒಂದು ಸೆಕೆಂಡು ಹಿಂದೆ, ಎರಡನೆಯವರು. ನಾಲ್ಕು ಬಾರಿ ಅದೇ ಪದವಿಯಲ್ಲಿದ್ದ ಹಿರಿಯರಿಗೆ ಇದರ ಅರ್ಥ ತಿಳಿಯದೆ ಇರಲಿಲ್ಲ. ಅಥೆನ್ಸ್‌ನ ನಂತರ ಅವರು ಕ್ರೀಡಾಂಗಣದ ಓಟವನ್ನು ಕಿರಿಯರಿಗೆ ಬಿಟ್ಟು ಮ್ಯಾರಥಾನ್ ರಸ್ತೆ ಹಿಡಿದರು. 2008ರಲ್ಲಿ 2 ಗಂಟೆ 3 ನಿಮಿಷ 59 ಸೆಕೆಂಡುಗಳಲ್ಲಿ ಓಡಿ, 2 ಗಂಟೆ 4 ನಿಮಿಷದ ಗಡಿಯೊಳಗೆ ಬಂದ ಮೊದಲಿಗರಾದರು. ಜೊತೆಗೆ ಕಟ್ಟಡ, ಹೋಟೆಲು, ವಾಹನ ಜೋಡಣೆ, ಕಾಫಿ ತೋಟ ಮುಂತಾದ ಉದ್ಯಮಗಳನ್ನು ಬೆಳೆಸಿದರು.

ಇಲ್ಲಿ ಒಂದು ನಿಷ್ಠುರವಾದ ಮಾತು ಹೇಳದೆ ವಿಧಿಯಿಲ್ಲ. ಮುಂದೆ ಹೋಗಲು ಇನ್ನೊಂದು ದಾರಿ ಇರುವ ಹಿರಿಯರೇ ಕಿರಿಯರ ಬಗ್ಗೆ ಉದಾರಿಗಳಾಗಬಲ್ಲರು. ಎಪ್ಪತ್ತು ದಾಟಿದರೂ ಗಲ್ಲಾಪೆಟ್ಟಿಗೆಯ ಬೀಗದ ಕೈ ಸೊಂಟದಲ್ಲೇ ಇರುವ ಅಂಗಡಿಗಳಲ್ಲಿ, ನಲವತ್ತೈದರ ಮಗ ಚೆಕ್ಕಿಗೆ ಸಹಿ ಹಾಕಿಸಿಕೊಳ್ಳಲು ಕಾಯುತ್ತ ಕೂರುತ್ತಾನೆ. ಅಂತಹ ಮಗ ತಂದೆಯ ದಾಖಲೆಯನ್ನು ಪೂಜಿಸುತ್ತಾನೆ ಅಥವಾ ಒಳಗೊಳಗೇ ದ್ವೇಷಿಸುತ್ತಾನೆ, ಮುರಿಯಲಂತೂ ಆರ. ಬೆಕೆಲೆ ಹೈಲೆಗಾಗಿ ಅಥೆನ್ಸ್‌ನಲ್ಲಿ ಕಾಯಲು ಸಾಧ್ಯವಾದದ್ದು, ಅದೇ ಬೇಸಿಗೆಯಲ್ಲಿ ಅವರ ದಾಖಲೆಗಳನ್ನು ಮುರಿಯಲು ಯಾರ ಅಪ್ಪಣೆಯನ್ನೂ ಕೇಳಬೇಕಾಗದಿದ್ದುದರಿಂದ.

ಕಿರಿಯರಿಗೂ ತಮ್ಮ ಪಾಳಿ ಬೇಗನೆ ಬರುತ್ತದೆ. ಪ್ಯಾರಿಸ್‌ನಲ್ಲಿ ಹೈಲೆ ಅವರನ್ನು ಸೋಲಿಸಿದ ಒಂದೇ ವಾರದಲ್ಲಿ ಬೆಕೆಲೆ 5,000 ಮೀಟರ್ ಓಟದಲ್ಲಿ ಕೀನ್ಯಾದ ಹದಿನೆಂಟರ ಹುಡುಗನಿಗೆ ಸೋತು ಮೂರನೆಯವರಾದರು. ಆ ಹುಡುಗ ಎಲಿಯುಡ್ ಕಿಪ್ಚೊಗೆ. ಹದಿನಾರು ವರ್ಷಗಳ ನಂತರ, 2019ರ ಬರ್ಲಿನ್ ಮ್ಯಾರಥಾನಿನಲ್ಲಿ, 37 ವರ್ಷದ ಬೆಕೆಲೆ 2 ಗಂಟೆ 1 ನಿಮಿಷ 41 ಸೆಕೆಂಡುಗಳಲ್ಲಿ ಓಡಿ, ಕಿಪ್ಚೊಗೆ ಅವರ ಅಂದಿನ ವಿಶ್ವ ದಾಖಲೆಗೆ ಎರಡೇ ಸೆಕೆಂಡು ಕಡಿಮೆಯಾದರು. ಮರು ವರ್ಷ ಚೆಪ್ಟೆಗೈ ಅವರು ಬೆಕೆಲೆ ಅವರ ಎರಡೂ ವಿಶ್ವ ದಾಖಲೆಗಳನ್ನು ಆಗಸ್ಟ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಒಂದಾದ ಮೇಲೊಂದರಂತೆ ಮುರಿದರು. ಅವು ಕ್ರಮವಾಗಿ ಹದಿನಾರು ಮತ್ತು ಹದಿನೈದು ವರ್ಷ ನಿಂತಿದ್ದವು.

2013ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಗ್ರೇಟ್ ನಾರ್ತ್ ರನ್ ಅರ್ಧ ಮ್ಯಾರಥಾನಿನಲ್ಲಿ 40 ವರ್ಷದ ಹೈಲೆ, 31ರ ಬೆಕೆಲೆ ಮತ್ತು ಬ್ರಿಟನ್ನಿನ ಮೊ ಫರಾ ಒಟ್ಟಿಗೆ ಓಡಿದರು. ಬೆಕೆಲೆ 60 ನಿಮಿಷ 9 ಸೆಕೆಂಡುಗಳಲ್ಲಿ ಗೆದ್ದರು. ಫರಾ ಒಂದು ಸೆಕೆಂಡು ಹಿಂದೆ. ಹೈಲೆ 60 ನಿಮಿಷ 41 ಸೆಕೆಂಡುಗಳಲ್ಲಿ ಮೂರನೆಯವರು. ಆ ದಿನ ಯಾರೂ ಯಾರಿಗಾಗಿಯೂ ಕಾಯಲಿಲ್ಲ.

2024ರ ಆಗಸ್ಟ್ 2ರಂದು ಪ್ಯಾರಿಸ್ ಒಲಿಂಪಿಕ್‌ನಲ್ಲಿ ಚೆಪ್ಟೆಗೈ 26 ನಿಮಿಷ 43.14 ಸೆಕೆಂಡುಗಳಲ್ಲಿ 10,000 ಮೀಟರ್ ಗೆದ್ದಾಗ, ಬೆಕೆಲೆ 2008ರಲ್ಲಿ ಬೀಜಿಂಗ್‌ನಲ್ಲಿ ಸ್ಥಾಪಿಸಿದ್ದ ಒಲಿಂಪಿಕ್ ದಾಖಲೆಯೂ ಅಳಿಯಿತು. ಎಂಟು ದಿನಗಳ ಬಳಿಕ ಅದೇ ನಗರದ ಬೀದಿಗಳಲ್ಲಿ ನಡೆದ ಮ್ಯಾರಥಾನಿನಲ್ಲಿ 42 ವರ್ಷದ ಬೆಕೆಲೆ ಇಥಿಯೋಪಿಯದ ಅಂಗಿ ತೊಟ್ಟು ಓಡಿದರು. ಕಿಪ್ಚೊಗೆ ಮಧ್ಯದಲ್ಲಿಯೇ ಓಟ ನಿಲ್ಲಿಸಿದರು. ಚಿನ್ನ ಗೆದ್ದವರು ಬೆಕೆಲೆ ಅವರ ತಂಡದವರೇ ಆದ ತಮಿರತ್ ತೋಲಾ. ಬೆಕೆಲೆ ಅವರಿಗಿಂತ ಬಹಳ ಹಿಂದೆ, ಆದರೆ ಪೂರ್ತಿ ದೂರವನ್ನು ಓಡಿ, ಗುರಿ ಮುಟ್ಟಿದರು.